ನೂರ ಹದಿನೈದು ಮೆಟ್ಟಿಲಿನ ಬೆಳಗು

ಮಲೆನಾಡಿನ ಒಂದು ಪಟ್ಟಣದ ರಂಗಮಂದಿರ. ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಸಂಜೆ ಆರೂವರೆಗೆ ಪ್ರದರ್ಶನ, ಈಗ ತಾಂತ್ರಿಕ ತಾಲೀಮು. ರಂಗದ ಮೇಲೆ ಅಜ್ಜಿಯ ಪಾತ್ರ ಮಾಡುವ ಗೆಳತಿ ಮೊರ ಹಿಡಿದು ಅಕ್ಕಿ ಕೇರುತ್ತ ಕುಳಿತಿದ್ದಾಳೆ. ಹಿಂದಿನ ಕಂಟ್ರೋಲ್ ರೂಮಿನಲ್ಲಿ ನಾನು ಹದಿನಾಲ್ಕನೆಯ ಕ್ಯೂವಿನ, ಅಂದರೆ ಮೊದಲೇ ದಾಖಲಿಸಿಟ್ಟ ಬೆಳಕಿನ ಬದಲಾವಣೆಯ, ಗುಂಡಿ ಒತ್ತಿದ್ದೇನೆ. ಬೆಳಗಿನ ಜಾವ, ಎರಡು ನಿಮಿಷ ಉದ್ದದ ಏರಿಕೆ. ಕಿಟಕಿಯ ಬೆಳಕು ಅಜ್ಜಿಯ ಹಿಂದಿನ ಸುಣ್ಣದ ಗೋಡೆಯ ಮೇಲೆ ಯಾರ ಗಮನಕ್ಕೂ ಬಾರದ ಹಾಗೆ ಹರಡಿಕೊಳ್ಳಬೇಕು. ಅವತ್ತು ಅದು ಎಲ್ಲರ ಕಣ್ಣಿಗೂ ಕುಕ್ಕುವ ಹಾಗೆ ಬಂತು. ಒಮ್ಮೆ ಏರಿತು, ನಿಂತಿತು. ಮತ್ತೊಮ್ಮೆ ಏರಿತು, ನಿಂತಿತು. ಗಡಿಯಾರದ ಸೆಕೆಂಡ್ ಮುಳ್ಳು ಸರಿದ ಹಾಗೆ.

ಸಭಾಂಗಣದ ನಡುವಿನ ಸಾಲಿನಲ್ಲಿ ಕುಳಿತಿದ್ದ ನಿರ್ದೇಶಕರು ಕೂಗಿದರು: "ಏನಮ್ಮ, ನಿನ್ನ ಬೆಳಗು ಯಾಕೆ ಬಿಕ್ಕಳಿಸುತ್ತಿದೆ?"

ಅದೇ ಉಸಿರಿನಲ್ಲಿ ಅವರು ಇನ್ನೆರಡು ದೂರು ಹೇಳಿದರು. ಕತ್ತಲಿನ ದೃಶ್ಯದಲ್ಲಿ ಕತ್ತಲೇ ಇಲ್ಲ, ರಂಗದ ತುಂಬ ಮಂಕು ಹೊಗೆಯಂಥ ಬೆಳಕು ಉಳಿದಿದೆ. ಅಜ್ಜಿಯ ಮುಖ ಜ್ವರದಿಂದ ಎದ್ದವಳ ಹಾಗೆ ಬಿಳಿಚಿಕೊಂಡಿದೆ. ಮೂರು ದೂರುಗಳನ್ನೂ ಕ್ಯೂ ಶೀಟಿನ ಅಂಚಿನಲ್ಲಿ ಬರೆದುಕೊಂಡೆ. ಆಗ ಅವು ಮೂರು ಬೇರೆಬೇರೆ ತೊಂದರೆಗಳೆಂದೇ ತಿಳಿದಿದ್ದೆ. ಮೂರಕ್ಕೂ ಬೇರು ಒಂದೇ ಕಡೆ, ಬೆಳಕು ಏರಿಸಿ ಇಳಿಸುವ ಜಾರುಗುಂಡಿಯ, ಅಂದರೆ ಫೇಡರಿನ, ಕೆಳಗಿನ ಹತ್ತನೆಯ ಒಂದು ಭಾಗದಲ್ಲಿದೆ ಎಂದು ಅರ್ಥವಾಗಲು ಒಂದೂವರೆ ಗಂಟೆ ಹಿಡಿಯಿತು. ಹ್ಯಾಲೊಜನ್ ದೀಪಗಳಿಂದ ಎಲ್‌ಇಡಿ ದೀಪಗಳಿಗೆ ನಾಟಕ ಸಾಗಿಸುವ ತಂಡಗಳಿಗೆಲ್ಲ ಇದು ಇವತ್ತಲ್ಲ ನಾಳೆ ಎದುರಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ.

ನಾಟಕಕ್ಕೆ ಬೇಕಿದ್ದ ಕತ್ತಲು

ನಮ್ಮದು ಬೆಂಗಳೂರಿನ ಹವ್ಯಾಸಿ ತಂಡ. ಈ ನಾಟಕದ ಹಿಂದಿನ ಪ್ರದರ್ಶನಗಳೆಲ್ಲ ಬಾಡಿಗೆಗೆ ತಂದ ಹ್ಯಾಲೊಜನ್ ದೀಪಗಳಲ್ಲೇ ನಡೆದಿದ್ದವು: ಅಂಚು ಮೆತ್ತಗಿರುವ ಬೆಳಕು ಬೀರುವ ಸಾವಿರ ವಾಟ್‌ನ ಫ್ರೆನೆಲ್‌ಗಳು, ಕಿಟಕಿಗೆಂದು ಅಂಬರ್ ಜೆಲ್ (ಜೇನು ಬಣ್ಣದ ಪಾರದರ್ಶಕ ಹಾಳೆ) ಹಾಕಿದ ಪಾರ್ 64 ದೀಪಗಳು, ಬೆಳಕನ್ನು ಏರಿಸಿ ಇಳಿಸುವ ಹನ್ನೆರಡು ಚಾನೆಲ್‌ಗಳ ಎರಡು ಡಿಮ್ಮರ್ ಪೆಟ್ಟಿಗೆಗಳು. ಬೆಳಗಿನ ದೃಶ್ಯಕ್ಕೆ ನಮ್ಮ ಕ್ಯೂ ಶೀಟಿನಲ್ಲಿ ಇದ್ದದ್ದು ಒಂದೇ ಸಾಲು: ಕಿಟಕಿ 0ಯಿಂದ 55, 120 ಸೆಕೆಂಡ್.

ಆ ಒಂದು ಸಾಲಿನಲ್ಲಿ ಬರೆಯದೇ ಉಳಿದ ಸಂಗತಿಯೊಂದಿತ್ತು. ಹ್ಯಾಲೊಜನ್ ದೀಪದ ಒಳಗಿನ ತಂತಿ ಬಿಸಿಯಾಗಿ ಕಾಯಬೇಕು, ಕಾದ ಮೇಲೆಯೇ ಬೆಳಕು. ಫೇಡರನ್ನು ಹತ್ತು ಶೇಕಡಾದವರೆಗೆ ಏರಿಸಿದರೂ ನಮ್ಮ ದೀಪಗಳಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಬರುತ್ತಿರಲಿಲ್ಲ. 120 ಸೆಕೆಂಡ್‌ಗಳಲ್ಲಿ 55ಕ್ಕೆ ಏರುವ ಬೆಳಕು ಹತ್ತನ್ನು ದಾಟಲು ಸುಮಾರು 20 ಸೆಕೆಂಡ್ ಬೇಕು. ಅಷ್ಟು ಹೊತ್ತು ಪ್ರೇಕ್ಷಕರಿಗೆ ಕೇಳುತ್ತಿದ್ದದ್ದು ಮೊರದ ಸದ್ದು ಮಾತ್ರ. ಅಕ್ಕಿ ಮೇಲಕ್ಕೆ ಹಾರಿ ಮತ್ತೆ ಬಿದಿರಿನ ಮೇಲೆ ಬೀಳುವ ಸದ್ದು. ಕತ್ತಲಲ್ಲಿ ಅದು ಮಳೆಯೋ, ತರಗೆಲೆಯೋ ಎಂದು ಜನ ಯೋಚಿಸುತ್ತಿರುವಾಗ ಮೊದಲು ಬೆರಳು ಕಾಣುತ್ತಿತ್ತು, ಆಮೇಲೆ ಮೊರದ ಅಂಚು, ಆಮೇಲೆ ಮುಖ. ನಾಟಕದಲ್ಲಿ ನನಗೆ ತುಂಬ ಇಷ್ಟವಾದ ಘಳಿಗೆ ಅದು. ಅದನ್ನು ನಾವು ಬೇಕೆಂದೇ ಕಟ್ಟಿದ್ದೇವೆ ಎಂದುಕೊಂಡಿದ್ದೆ. ಅರ್ಧದಷ್ಟನ್ನು ದೀಪದ ತಂತಿಯೇ ಕಟ್ಟಿಕೊಟ್ಟಿತ್ತು ಎಂದು ತಿಳಿದದ್ದು ಈ ಪಟ್ಟಣದಲ್ಲಿ.

ಇಲ್ಲಿನ ರಂಗಮಂದಿರ ಹೊಸದಾಗಿ ದುರಸ್ತಿಯಾಗಿತ್ತು. ಮುಂದಿನ ಬಾರಿನಲ್ಲಿ, ಅಂದರೆ ದೀಪ ತೂಗುಹಾಕುವ ಕಂಬಿಯಲ್ಲಿ, ಹಳೆಯ ಫ್ರೆನೆಲ್‌ಗಳು ಆರು ಉಳಿದಿದ್ದವು. ಮಿಕ್ಕವೆಲ್ಲ ಎಲ್‌ಇಡಿ ಪಾರ್‌ಗಳು: ಹೊಸವು ಹತ್ತು, ಸ್ವಲ್ಪ ಹಳೆಯವು ಆರು. ಫೇಡರ್‌ಗಳ ಜೊತೆಗೆ ಕ್ಯೂಗಳನ್ನು ನೆನಪಿಟ್ಟುಕೊಳ್ಳುವ, ಡಿಎಂಎಕ್ಸ್ ಎಂಬ ಸಂಕೇತದಲ್ಲಿ ದೀಪಗಳಿಗೆ ಆದೇಶ ಕಳಿಸುವ ಚಿಕ್ಕ ಕನ್ಸೋಲ್ ಇತ್ತು. ಬೆಳಿಗ್ಗೆ ಹತ್ತಕ್ಕೆ ಬಂದು, ಎರಡು ಗಂಟೆಯೊಳಗೆ ದೀಪಗಳ ದಿಕ್ಕು ಹೊಂದಿಸಿ, ನಮ್ಮ ಶೀಟಿನಲ್ಲಿದ್ದ ಅಂಕಿಗಳನ್ನು ನೋಡಿಕೊಂಡು 41 ಕ್ಯೂಗಳನ್ನು ಸರಸರನೆ ದಾಖಲಿಸಿಬಿಟ್ಟಿದ್ದೆ. ಕಿಟಕಿಗೆ ಎಲ್‌ಇಡಿ ಹೆಚ್ಚು ಪ್ರಖರವಾಗಿ ಕಂಡದ್ದರಿಂದ 55ನ್ನು 45ಕ್ಕೆ ಇಳಿಸಿದ್ದೆ. ಮಾಡಿದ ಬದಲಾವಣೆ ಅಷ್ಟೇ.

ಕಪ್ಪಾಗದ ಕತ್ತಲು

ಸುಲಭದ ದೂರನ್ನು ಮೊದಲು ಹಿಡಿದುಕೊಂಡೆ. ಬ್ಲ್ಯಾಕೌಟ್ ಕ್ಯೂ ಓಡಿಸಿ ರಂಗದ ಮೇಲೆ ಹೋಗಿ ನಿಂತೆ. ಹಿಂದಿನ ಬಾರಿನ ಎಲ್‌ಇಡಿಗಳೆಲ್ಲ ಮಿಣಿಮಿಣಿ ಉರಿಯುತ್ತಿದ್ದವು. ಸಭಾಂಗಣದ ದೀಪ ಹೊತ್ತಿದ್ದರೆ ಗೊತ್ತಾಗುವುದಿಲ್ಲ. ಆರಿಸಿ ಅರ್ಧ ನಿಮಿಷ ಕಣ್ಣು ಕತ್ತಲಿಗೆ ಹೊಂದಿಕೊಂಡರೆ ರಂಗದ ನೆಲದ ಹಲಗೆಗಳನ್ನು ಎಣಿಸಬಹುದು, ಅಷ್ಟು ಬೆಳಕು.

ಮಂದಿರದ ಬೆಳಕು ನೋಡಿಕೊಳ್ಳುವ ಹುಡುಗ ಓಡಿ ಬಂದು ಕನ್ಸೋಲಿನ ಬಲಭಾಗದ ಒಂದು ಫೇಡರ್ ತೋರಿಸಿದ. "ಅಕ್ಕ, ಇದು ನಿನ್ನೆ ಶಾಲೆಯ ವಾರ್ಷಿಕೋತ್ಸವಕ್ಕೆ ಮಾಡಿಕೊಂಡ ಸಬ್‌ಮಾಸ್ಟರ್. ಪೂರ್ತಿ ಇಳಿಸಿದ್ದೆ."

ಸಬ್‌ಮಾಸ್ಟರ್ ಎಂದರೆ ಒಂದು ಗುಂಪಿನ ದೀಪಗಳನ್ನು ಒಟ್ಟಿಗೆ ಏರಿಸಿ ಇಳಿಸುವ ಫೇಡರ್. ಇಳಿಸಿದ್ದ, ಆದರೆ ಪೂರ್ತಿ ಅಲ್ಲ. ಗುಂಡಿಯ ಕೆಳಗೆ ಒಂದು ಉಗುರು ತೂರುವಷ್ಟು ಜಾಗವಿತ್ತು. ಪರದೆಯ ಮೇಲೆ ಅದು ಶೇಕಡಾ 4 ಎಂದು ತೋರಿಸುತ್ತಿತ್ತು. ಈ ಕನ್ಸೋಲಿನಲ್ಲಿ ಪ್ರಖರತೆಯ ಮಟ್ಟಿಗೆ ನಡೆಯುವುದು "ಹೆಚ್ಚಿನದೇ ಗೆಲ್ಲುತ್ತದೆ" ಎಂಬ ನಿಯಮ, ರಂಗದವರ ಮಾತಿನಲ್ಲಿ ಎಚ್‌ಟಿಪಿ. ಒಂದೇ ದೀಪವನ್ನು ಕ್ಯೂ ಸೊನ್ನೆಗೆ ಇಳಿಸು ಎನ್ನುತ್ತದೆ, ಸಬ್‌ಮಾಸ್ಟರ್ ನಾಲ್ಕರಲ್ಲಿ ಇರು ಎನ್ನುತ್ತದೆ. ದೀಪ ನಾಲ್ಕರ ಮಾತು ಕೇಳುತ್ತದೆ. ಫೇಡರನ್ನು ಒತ್ತಿ ಸೊನ್ನೆ ಮಾಡಿದೆ. ರಂಗ ಕಪ್ಪಾಗಬೇಕಿತ್ತು, ಆಗಲಿಲ್ಲ.

ನನ್ನ ತಪ್ಪು ಕಂಡದ್ದು ಆಗ. ಬೆಳಿಗ್ಗೆ ಕ್ಯೂಗಳನ್ನು ದಾಖಲಿಸುವಾಗ ಆ ಸಬ್‌ಮಾಸ್ಟರ್ ನಾಲ್ಕರಲ್ಲೇ ನಿಂತಿತ್ತು. ದಾಖಲಿಸುವ ಗುಂಡಿ ಒತ್ತಿದಾಗ ಈ ಕನ್ಸೋಲ್ ಆ ಹೊತ್ತಿಗೆ ರಂಗದ ಮೇಲೆ ಏನಿದೆಯೋ ಅದನ್ನೆಲ್ಲ ನುಂಗಿಕೊಳ್ಳುತ್ತದೆ, ಅದು ಎಲ್ಲಿಂದ ಬಂದದ್ದು ಎಂದು ಕೇಳುವುದಿಲ್ಲ. ಹೀಗೆ ಶಾಲೆಯ ವಾರ್ಷಿಕೋತ್ಸವದ ನಾಲ್ಕು ಶೇಕಡಾ ನಮ್ಮ 41 ಕ್ಯೂಗಳ ಒಳಗೂ ಹೋಗಿ ಕುಳಿತಿತ್ತು. ಎಲ್ಲ ದೀಪಗಳನ್ನೂ ಒಮ್ಮೆಗೇ ಇಳಿಸುವ ಗ್ರ್ಯಾಂಡ್ ಮಾಸ್ಟರ್ ಎಳೆದರೆ ಬ್ಲ್ಯಾಕೌಟ್ ಸಿಗುತ್ತದೆ, ನಿಜ. ಆದರೆ ಕತ್ತಲಿನ ದೃಶ್ಯದಲ್ಲಿ ಒಂದು ಲಾಟೀನು ಮಾತ್ರ ಉರಿಯಬೇಕಾದಾಗ ಗ್ರ್ಯಾಂಡ್ ಮಾಸ್ಟರ್ ಎಳೆದರೆ ಲಾಟೀನಿನ ಬೆಳಕೂ ಹೋಗುತ್ತದೆ. ಬೇರೆ ದಾರಿ ಇರಲಿಲ್ಲ. ಹುಡುಗ ಕ್ಯೂ ಸಂಖ್ಯೆ ಓದಿದ, ನಾನು ಒಂದೊಂದರಲ್ಲೂ ಬೇಡದ ಚಾನೆಲ್‌ಗಳನ್ನು ಸೊನ್ನೆ ಮಾಡಿ ಮತ್ತೆ ದಾಖಲಿಸಿದೆ. ಇಪ್ಪತ್ತೈದು ನಿಮಿಷ ಹೋಯಿತು.

ಆ ಹುಡುಗನನ್ನು ದೂರುವ ಹಾಗಿಲ್ಲ. ಹ್ಯಾಲೊಜನ್ ಕಾಲದಲ್ಲಿ ಕಲಿತವರೆಲ್ಲ ಫೇಡರನ್ನು ಹಾಗೆಯೇ ಇಳಿಸುತ್ತಿದ್ದೆವು. ನಾಲ್ಕು ಶೇಕಡಾಕ್ಕೆ ಹ್ಯಾಲೊಜನ್ ತಂತಿ ಕೆಂಪಾಗುವುದೂ ಇಲ್ಲ. ಕೈಯ ಅಜಾಗರೂಕತೆಯನ್ನು ದೀಪವೇ ಕ್ಷಮಿಸುತ್ತಿತ್ತು. ಎಲ್‌ಇಡಿ ಕ್ಷಮಿಸುವುದಿಲ್ಲ. ನಾಲ್ಕು ಎಂದರೆ ನಾಲ್ಕನ್ನೇ ಕೊಡುತ್ತದೆ, ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ತುಂಬ ದೊಡ್ಡ ಬೆಳಕು.

ಮೆಟ್ಟಿಲುಗಳ ಲೆಕ್ಕ

ಬಿಕ್ಕಳಿಸುವ ಬೆಳಗಿನ ವಿಷಯದಲ್ಲಿ ನನ್ನ ಮೊದಲ ಅನುಮಾನ ಕನ್ಸೋಲಿನಿಂದ ದೀಪಗಳಿಗೆ ಸಂಕೇತ ಒಯ್ಯುವ ತಂತಿಯ ಮೇಲೆ ಹೋಯಿತು. ಡಿಎಂಎಕ್ಸ್ ತಂತಿಯ ಕೊನೆಯ ದೀಪಕ್ಕೆ 120 ಓಮ್‌ನ ಟರ್ಮಿನೇಟರ್ (ತುದಿಗೆ ಸಿಕ್ಕಿಸುವ ಸಣ್ಣ ನಿರೋಧಕ) ಹಾಕದಿದ್ದರೆ ಸಂಕೇತ ತುದಿಯಿಂದ ಹಿಂದಕ್ಕೆ ಪುಟಿದು ದೀಪಗಳು ಮಿಡುಕುವುದುಂಟು. ನೋಡಿದರೆ ಟರ್ಮಿನೇಟರ್ ಇರಲಿಲ್ಲ. ನಮ್ಮ ಪೆಟ್ಟಿಗೆಯಲ್ಲಿದ್ದ ಒಂದನ್ನು ಸಿಕ್ಕಿಸಿದೆ, ಬೆಳಗು ಹಾಗೆಯೇ ಬಿಕ್ಕಳಿಸಿತು.

ಆಮೇಲೆ ಮಾಡಿದ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ಕಿಟಕಿಯ ದೀಪವನ್ನು ಶೇಕಡಾ 5ಕ್ಕೆ ಏರಿಸಿ, ಫೇಡರನ್ನು ಮುಟ್ಟದೆ, ಒಂದು ನಿಮಿಷ ಗೋಡೆಯನ್ನೇ ದಿಟ್ಟಿಸಿದೆ. ಬೆಳಕು ಕಲ್ಲಿನ ಹಾಗೆ ಸ್ಥಿರವಾಗಿತ್ತು. ತಂತಿಯದೋ ವಿದ್ಯುತ್ತಿನದೋ ದೋಷವಿದ್ದರೆ ನಿಂತ ಬೆಳಕೂ ಮಿಡುಕುತ್ತದೆ. ಇದು ಚಲಿಸುವಾಗ ಮಾತ್ರ ನೆಗೆಯುತ್ತದೆ. ಹಾಗಾದರೆ ತೊಂದರೆ ಇರುವುದು ಸಂಖ್ಯೆಯಲ್ಲೇ.

ಡಿಎಂಎಕ್ಸ್ 512 ಎಂಬ ಈ ಸಂಕೇತ ಪದ್ಧತಿಯನ್ನು ಅಮೆರಿಕದ ರಂಗ ತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ 1986ರಲ್ಲಿ ರೂಪಿಸಿತು. ಹುಟ್ಟಿದ್ದು ಡಿಮ್ಮರ್‌ಗಳಿಗಾಗಿ, ಅಂದರೆ ಕಾಯುವ ತಂತಿಯ ದೀಪಗಳಿಗಾಗಿ. ಒಂದು ತಂತಿಯಲ್ಲಿ 512 ಚಾನೆಲ್, ಒಂದೊಂದು ಚಾನೆಲ್‌ಗೆ 0ಯಿಂದ 255ರವರೆಗೆ ಬೆಲೆ. ಕನ್ಸೋಲಿನ ಪರದೆ ಶೇಕಡಾ ಲೆಕ್ಕ ತೋರಿಸಿದರೂ ತಂತಿಯಲ್ಲಿ ಹರಿಯುವುದು ಈ 256 ಅಂಕಿಗಳೇ. ಶೇಕಡಾ 45 ಎಂದರೆ 115. ಎರಡು ನಿಮಿಷಗಳಲ್ಲಿ ನೂರ ಹದಿನೈದು ಮೆಟ್ಟಿಲು ಹತ್ತಬೇಕು. ಒಂದು ಮೆಟ್ಟಿಲಿಗೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ನಿರ್ದೇಶಕರಿಗೆ ಕಂಡ ಬಿಕ್ಕಳಿಕೆ ಅದೇ.

ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರದವಾದರೂ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಕಣ್ಣು ಬೆಳಕನ್ನು ಅಳೆಯುವುದು ಇದ್ದದ್ದಕ್ಕೆ ಹೋಲಿಸಿ. 1ರಿಂದ 2ಕ್ಕೆ ಹೋದರೆ ಬೆಳಕು ಎರಡು ಪಟ್ಟಾಯಿತು. 10ರಿಂದ 11ಕ್ಕೆ ಹೋದರೆ ಹೆಚ್ಚಿದ್ದು ಹತ್ತರಲ್ಲಿ ಒಂದು ಪಾಲು. 50ರಿಂದ 51ಕ್ಕೆ ಶೇಕಡಾ 2, 100ರಿಂದ 101ಕ್ಕೆ ಶೇಕಡಾ 1. ಒಂದೆರಡು ಶೇಕಡಾ ಹೆಚ್ಚಳವನ್ನು ಕಣ್ಣು ಬಹುಮಟ್ಟಿಗೆ ಗಮನಿಸುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ನೆಗೆತವೆಂದು ಗುರುತಿಸುತ್ತದೆ. ಹಾಗಾಗಿ ಮೊದಲ ಐವತ್ತು ಮೆಟ್ಟಿಲುಗಳೂ, ಅಂದರೆ ಸುಮಾರು ಮೊದಲ ಐವತ್ತು ಸೆಕೆಂಡ್‌ಗಳೂ, ಜನರ ಕಣ್ಣಿಗೆ ಬೀಳುತ್ತವೆ. ಅದೂ ಅಜ್ಜಿಯ ಮೊರದ ಸದ್ದು ಮಾತ್ರ ಕೇಳಬೇಕಾದ ಹೊತ್ತಿನಲ್ಲಿ.

ಹ್ಯಾಲೊಜನ್‌ಗೂ ಇದೇ 256 ಅಂಕಿಗಳೇ ಹೋಗುತ್ತಿದ್ದವಲ್ಲ, ಅಲ್ಲಿ ಯಾಕೆ ಕಾಣಲಿಲ್ಲ? ಸಾವಿರ ವಾಟ್‌ನ ದಪ್ಪ ತಂತಿ ತಕ್ಷಣ ಕಾಯುವುದಿಲ್ಲ, ತಕ್ಷಣ ಆರುವುದೂ ಇಲ್ಲ. ಒಂದು ಅಂಕಿಯಿಂದ ಮುಂದಿನ ಅಂಕಿಗೆ ಅದು ಜಾರಿಕೊಂಡು ಹೋಗುತ್ತದೆ. ತೀರ ಕೆಳಗಿನ ಅಂಕಿಗಳನ್ನಂತೂ ಪೂರ್ತಿ ನುಂಗಿಬಿಡುತ್ತದೆ. ಎಲ್‌ಇಡಿಗೆ ಕಾಯುವ ಕೆಲಸವಿಲ್ಲ. ಹೇಳಿದ್ದನ್ನು ಹೇಳಿದ ಕ್ಷಣಕ್ಕೆ ಮಾಡುತ್ತದೆ. ಆ ವಿಧೇಯತೆಯೇ ಇಲ್ಲಿ ತೊಡಕಾಗಿತ್ತು.

ಇನ್ನೊಂದು ಸಂಗತಿಯೂ ಹೊರಬಿತ್ತು. ಇಲ್ಲಿ ಕ್ಯೂ ಶುರುವಾದ ಒಂದೇ ಸೆಕೆಂಡಿಗೆ ಬೆಳಕು ಕಾಣುತ್ತಿತ್ತು. ಸದ್ದಿಗೆ ಸಿಗಬೇಕಾಗಿದ್ದ 20 ಸೆಕೆಂಡ್‌ಗಳ ಕತ್ತಲು ಹೋಗಿಬಿಟ್ಟಿತ್ತು. ನಿರ್ದೇಶಕರು ಇದನ್ನು ದೂರಿನಲ್ಲಿ ಹೇಳಿರಲಿಲ್ಲ. ಹೇಳಿದ್ದು ಗೆಳತಿ. ಅವಳು ರಂಗದಿಂದಲೇ ಕೇಳಿದಳು: "ನನ್ನ ಕತ್ತಲು ಎಲ್ಲಿ ಹೋಯಿತು? ನಾನು ಎರಡು ಸಲ ಕೇರುವುದರೊಳಗೆ ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ." ಇಪ್ಪತ್ತು ಸೆಕೆಂಡ್ ಒಬ್ಬಳೇ ಇರುವ ಅಭ್ಯಾಸ ಅವಳ ಕೈಗೆ ಬಂದಿತ್ತು. ಅದಿಲ್ಲದೆ ಮೊರದ ಲಯವೇ ತಪ್ಪುತ್ತಿತ್ತು.

ಏಣಿ ಹತ್ತಿ ಮಾಡಿದ ಕೆಲಸ

ಗಂಟೆ ನಾಲ್ಕೂಕಾಲು. ಹೊಸ ಎಲ್‌ಇಡಿಗಳ ಹಿಂಬದಿಯ ಚಿಕ್ಕ ಪರದೆಯಲ್ಲಿ ಮೆನು ತಡಕಿದಾಗ ಎರಡು ಒಳ್ಳೆಯ ವಿಷಯಗಳು ಸಿಕ್ಕವು. ಒಂದು, ಅವು ಏಳು ಚಾನೆಲ್‌ಗಳ ಮೋಡ್‌ನಲ್ಲಿದ್ದವು. ಎಂಟು ಚಾನೆಲ್‌ಗಳ ಮೋಡ್ ಕೂಡ ಇತ್ತು, ಅದರಲ್ಲಿ ಪ್ರಖರತೆಗೆ ಎರಡು ಚಾನೆಲ್: ಒಂದು ದಪ್ಪ ಹೆಜ್ಜೆಗೆ, ಇನ್ನೊಂದು ಆ ಹೆಜ್ಜೆಯ ಒಳಗಿನ ಸಣ್ಣ ಹೆಜ್ಜೆಗೆ. ಎರಡೂ ಸೇರಿದರೆ 256 ಅಂಕಿಗಳ ಬದಲು 65,536. ಎರಡು, ಡಿಮ್ಮರ್ ಕರ್ವ್ ಬದಲಿಸುವ ಅವಕಾಶ. ಆಗ ಇದ್ದದ್ದು ಲೀನಿಯರ್, ಅಂದರೆ ಫೇಡರ್ ಅರ್ಧಕ್ಕೆ ಬಂದರೆ ಬೆಳಕೂ ಅಳತೆಯಲ್ಲಿ ಅರ್ಧ. ಸ್ಕ್ವೇರ್ ಎಂಬ ಇನ್ನೊಂದು ಆಯ್ಕೆಯಲ್ಲಿ ಫೇಡರಿನ ಬೆಲೆಯ ವರ್ಗದಷ್ಟು ಬೆಳಕು: ಅರ್ಧ ಎತ್ತಿದರೆ ಕಾಲು ಭಾಗ ಬೆಳಕು. ಅಳತೆಯಲ್ಲಿ ಕಾಲು ಭಾಗವಾದ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಅರ್ಧದಷ್ಟೆಂದೇ ಕಾಣುತ್ತದೆ. ಆದ್ದರಿಂದ ರಂಗದ ಕೆಲಸಕ್ಕೆ ಇದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಲೀನಿಯರ್ ಕರ್ವ್‌ನಲ್ಲಿ ಫೇಡರಿನ ಕೆಳಗಿನ ಕಾಲು ಭಾಗದಲ್ಲೇ ನಾಟಕವೆಲ್ಲ ಮುಗಿದುಹೋಗುತ್ತದೆ. ಮೇಲಿನ ಮುಕ್ಕಾಲು ಭಾಗದಲ್ಲಿ ಎಷ್ಟು ಎಳೆದರೂ ಏನೂ ಆದಂತೆ ಅನ್ನಿಸುವುದಿಲ್ಲ.

ಮಂದಿರದ ಹುಡುಗ ಹೆದರಿದ. "ಅಕ್ಕ, ಎಂಟು ಚಾನೆಲ್ ಮಾಡಿದರೆ ಅಡ್ರೆಸ್ ಎಲ್ಲ ಒಂದರ ಮೇಲೊಂದು ಬೀಳುತ್ತದೆ. ನಾಳೆ ಬೇರೆ ಕಾರ್ಯಕ್ರಮವಿದೆ."

ಅವನ ಮಾತು ಸರಿಯಾಗಿಯೇ ಇತ್ತು. ದೀಪಗಳ ಅಡ್ರೆಸ್‌ಗಳು, ಅಂದರೆ ಒಂದೊಂದು ದೀಪದ ಮೊದಲ ಚಾನೆಲ್‌ನ ಸಂಖ್ಯೆಗಳು, 1, 8, 15, 22 ಎಂದು ಏಳೇಳರ ಲೆಕ್ಕದಲ್ಲಿ ಕೂತಿದ್ದವು. ಒಂದು ದೀಪ ಎಂಟು ಚಾನೆಲ್ ಬಳಸಿದರೆ ಅದರ ಕೊನೆಯ ಚಾನೆಲ್ ಪಕ್ಕದ ದೀಪದ ಮೊದಲ ಚಾನೆಲ್ ಮೇಲೆ ಹೋಗಿ ಬೀಳುತ್ತದೆ. ಹದಿನಾರು ದೀಪಗಳಿಗೂ ಏಣಿ ಹಾಕಿ ಹೊಸ ಅಡ್ರೆಸ್ ಕೊಡುವಷ್ಟು ಸಮಯವಿರಲಿಲ್ಲ. ಯೋಚಿಸಿದಾಗ ಅದರ ಅಗತ್ಯವೂ ಕಾಣಲಿಲ್ಲ. ಬೆಳಗಿನ ದೃಶ್ಯಕ್ಕೆ ಬೇಕಾದವು ನಾಲ್ಕೇ ದೀಪ. ಆ ನಾಲ್ಕನ್ನು ಮಾತ್ರ ಖಾಲಿಯಿದ್ದ ಜಾಗಕ್ಕೆ ಕಳಿಸಿದೆವು: 301, 309, 317, 325. ಆ ನಾಲ್ಕಕ್ಕೆ ಮಾತ್ರ ಎಂಟು ಚಾನೆಲ್, ಸ್ಕ್ವೇರ್ ಕರ್ವ್. ಕನ್ಸೋಲಿನಲ್ಲಿ ನಾಲ್ಕು ದೀಪಗಳ ಪ್ಯಾಚ್ (ಯಾವ ದೀಪ ಯಾವ ಅಡ್ರೆಸ್‌ನಲ್ಲಿದೆ ಎಂಬ ಪಟ್ಟಿ) ಬದಲಿಸಿದ್ದು ಹತ್ತು ನಿಮಿಷದ ಕೆಲಸ. ಪ್ರದರ್ಶನ ಮುಗಿದ ಮೇಲೆ ಹಳೆಯ ಅಡ್ರೆಸ್‌ಗಳನ್ನು ಮರಳಿ ಹಾಕಿಕೊಡುವುದಾಗಿ ಹುಡುಗನಿಗೆ ಮಾತು ಕೊಟ್ಟು, ಅವನ ಎದುರಿಗೇ ಹಳೆಯ ಅಂಕಿಗಳನ್ನು ಕಾಗದದಲ್ಲಿ ಬರೆದು ಕನ್ಸೋಲಿಗೆ ಅಂಟಿಸಿದೆ. ಬೇರೆಯವರ ಮಂದಿರದಲ್ಲಿ ಏನನ್ನಾದರೂ ಬದಲಿಸುವ ಮೊದಲು ಈ ಕಾಗದ ಬೇಕೇಬೇಕು. 1985ರಿಂದ ಊರೂರು ಸುತ್ತುತ್ತಿರುವ ನೀನಾಸಂ ತಿರುಗಾಟದಂಥ ತಂಡಗಳಿಗೆ ಪ್ರತಿ ಊರಿನ ರಂಗವೂ ಬೇರೆ. ತಿರುಗಾಡುವವರು ಹೋದಲ್ಲೆಲ್ಲ ಮುಂದಿನವರಿಗೆ ತೊಂದರೆ ಬಿಟ್ಟು ಬಂದರೆ ಯಾರೂ ಮತ್ತೆ ಬಾಗಿಲು ತೆರೆಯುವುದಿಲ್ಲ.

ಕರ್ವ್ ಬದಲಿಸಿದರೆ ಆ ದೀಪಗಳಿರುವ ಕ್ಯೂಗಳ ಅಂಕಿಗಳೆಲ್ಲ ಸುಳ್ಳಾಗುತ್ತವೆ ಎಂಬುದನ್ನು ಮರೆಯುವ ಹಾಗಿಲ್ಲ. ಮೊದಲಿನಷ್ಟೇ ಬೆಳಕು ಬೇಕೆಂದರೆ ಹಳೆಯ ಅಂಕಿಯ ವರ್ಗಮೂಲ ತೆಗೆಯಬೇಕು. ಹಳೆಯ 10 ಈಗ 32. 20 ಈಗ 45. 45 ಈಗ 67. 80 ಈಗ 89. ಸೊನ್ನೆ ಮತ್ತು ನೂರು ಮಾತ್ರ ಇದ್ದಲ್ಲೇ ಇರುತ್ತವೆ. ಇಂಥ ಕ್ಯೂಗಳು ಒಂಬತ್ತು ಇದ್ದವು. ಮೊಬೈಲಿನ ಕ್ಯಾಲ್ಕುಲೇಟರ್ ಹಿಡಿದು ಒಂದೊಂದಾಗಿ ತಿದ್ದಿದೆ, ತಿದ್ದಿದ ಮೇಲೆ ಅಂಕಿಯನ್ನು ನಂಬದೆ ಸಭಾಂಗಣಕ್ಕೆ ಇಳಿದು ಹೋಗಿ ನೋಡಿ ಬಂದೆ. ಕಂಟ್ರೋಲ್ ರೂಮಿನ ಗಾಜಿನ ಹಿಂದೆ, ಪರದೆಯ ನೀಲಿ ಬೆಳಕು ಕಣ್ಣಿಗೆ ಬೀಳುತ್ತಿರುವಾಗ, ಮಂದ ಬೆಳಕಿನ ಬಗ್ಗೆ ತೀರ್ಮಾನ ಮಾಡಬಾರದು.

ಈಗ ಮೆಟ್ಟಿಲುಗಳು ಎಷ್ಟಾದವು? ಡಿಎಂಎಕ್ಸ್ ತಂತಿ 512 ಚಾನೆಲ್‌ಗಳನ್ನೂ ತುಂಬಿ ಕಳಿಸಿದರೆ ಸೆಕೆಂಡಿಗೆ ಹೆಚ್ಚೆಂದರೆ 44 ಸಲ ಸುದ್ದಿ ಮುಟ್ಟಿಸುತ್ತದೆ. 65,536 ಅಂಕಿಗಳಿದ್ದರೂ ಒಂದು ಸೆಕೆಂಡಿನಲ್ಲಿ ಬೆಳಕು ಬದಲಾಗುವುದು ಅಷ್ಟೇ ಸಲ. ಅದು ಸಾಕು. ಸೆಕೆಂಡಿಗೆ ಒಂದಿದ್ದದ್ದು ಈಗ ನಲವತ್ತರ ಮೇಲಾಯಿತು. ಗೋಡೆಯ ಮೇಲಿನ ಬೆಳಕು ಹತ್ತುವುದನ್ನು ಬಿಟ್ಟು ಹರಡತೊಡಗಿತು.

ಉಳಿದದ್ದು ಕತ್ತಲಿನ 20 ಸೆಕೆಂಡ್. ಇದಕ್ಕೆ ಎಲ್‌ಇಡಿಗಳಿಗೆ 25 ಸೆಕೆಂಡ್‌ಗಳ ಡಿಲೇ ಕೊಟ್ಟೆ, ಆಮೇಲೆ 95 ಸೆಕೆಂಡ್‌ಗಳಲ್ಲಿ 67ಕ್ಕೆ ಏರಿಕೆ. ಆದರೆ ಎಲ್‌ಇಡಿ ಮೊಟ್ಟಮೊದಲು ಕಣ್ಣು ತೆರೆಯುವ ಕ್ಷಣದಲ್ಲಿ ಒಂದು ಸಣ್ಣ ಮಿಡಿತ ಇನ್ನೂ ಇತ್ತು. ಅದನ್ನು ಮುಚ್ಚಲು ಮುಂದಿನ ಬಾರಿನ ಎರಡು ಹ್ಯಾಲೊಜನ್ ಫ್ರೆನೆಲ್‌ಗಳನ್ನು ಕರೆತಂದೆ. ಹದಿಮೂರನೆಯ ಕ್ಯೂವಿನಲ್ಲೇ ಅವನ್ನು ಶೇಕಡಾ 6ಕ್ಕೆ ಇಟ್ಟೆ. ತಂತಿ ಬೆಚ್ಚಗಾಗುತ್ತದೆ, ಬೆಳಕು ಕಾಣುವುದಿಲ್ಲ. ಹದಿನಾಲ್ಕರಲ್ಲಿ ಅವು 100 ಸೆಕೆಂಡ್‌ಗಳಲ್ಲಿ 6ರಿಂದ 30ಕ್ಕೆ ಏರುತ್ತವೆ. ಹದಿನೇಳನೆಯ ಸೆಕೆಂಡಿನ ಹೊತ್ತಿಗೆ ಹತ್ತನ್ನು ದಾಟಿ, ಕಂಡೂ ಕಾಣದಂತೆ ಬೆಳಕು ಮೂಡುತ್ತದೆ. ಎಂಟು ಸೆಕೆಂಡ್ ಕಳೆದು ಎಲ್‌ಇಡಿ ಕಣ್ಣು ತೆರೆಯುವಾಗ ರಂಗದ ಮೇಲೆ ಆಗಲೇ ಒಂದಿಷ್ಟು ಬೆಳಕಿರುತ್ತದೆ, ಮಿಡಿತ ಅದರಲ್ಲಿ ಮುಳುಗಿಹೋಗುತ್ತದೆ. ಹಳೆಯ ದೀಪ ಹೊಸ ದೀಪದ ಕೈ ಹಿಡಿದು ರಂಗಕ್ಕೆ ಕರೆತಂದಿತು.

ಮುಖದ ಬಣ್ಣ

ಮೂರನೆಯ ದೂರಿಗೆ ಉತ್ತರವೂ ಈ ಎರಡು ಫ್ರೆನೆಲ್‌ಗಳಿಂದ ಅರ್ಧ ಸಿಕ್ಕಿತು. ರಂಗದ ಹ್ಯಾಲೊಜನ್ ದೀಪ ಪೂರ್ತಿ ಉರಿದಾಗ ಅದರ ಬಣ್ಣ 3200 ಕೆಲ್ವಿನ್ ಆಸುಪಾಸು. ಇಳಿಸಿದಂತೆಲ್ಲ ಅದು ಕೆಂಪಿಗೆ, ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೆಳಗು ಕೆಂಪಾಗಿ ಶುರುವಾಗಿ ಬಿಳಿಗೆ ತಿರುಗುವುದನ್ನು ನಾವು ಯಾವತ್ತೂ ಪ್ರೋಗ್ರಾಮ್ ಮಾಡಿರಲಿಲ್ಲ. ಫೇಡರ್ ಎತ್ತಿದರೆ ಸಾಕು, ಬಣ್ಣ ತಾನಾಗಿ ಜೊತೆಗೆ ಬರುತ್ತಿತ್ತು. ಎಲ್‌ಇಡಿಗೆ ಪ್ರಖರತೆ ಬೇರೆ, ಬಣ್ಣ ಬೇರೆ. ಐದು ಶೇಕಡಾದಲ್ಲೂ ನೂರು ಶೇಕಡಾದಲ್ಲೂ ಅದೇ ಬಣ್ಣ. ಅಜ್ಜಿ ಬಿಳಿಚಿಕೊಂಡದ್ದು ಅದಕ್ಕೆ.

ಕಿಟಕಿಯ ಎಲ್‌ಇಡಿಗೆ ಕೆಂಪು ಹೆಚ್ಚಿರುವ ಅಂಬರಿನಿಂದ ಶುರು ಮಾಡಿ, ಅರವತ್ತನೆಯ ಸೆಕೆಂಡಿನಿಂದ ಬಿಳಿ ಸೇರುವ ಹಾಗೆ ಇನ್ನೊಂದು ಭಾಗ ಸೇರಿಸಿದೆ. ಇಲ್ಲೊಂದು ಮುಗ್ಗರಿಕೆ ಆಯಿತು. ಈ ಕನ್ಸೋಲಿನಲ್ಲಿ ಪ್ರಖರತೆಗೆ ಹೆಚ್ಚಿನದು ಗೆದ್ದರೆ, ಬಣ್ಣಕ್ಕೆ ಕೊನೆಯದು ಗೆಲ್ಲುತ್ತದೆ. ಹನ್ನೆರಡನೆಯ ಕ್ಯೂವಿನ ರಾತ್ರಿಯ ನೀಲಿ ಬಣ್ಣವೇ ಆ ದೀಪಗಳಲ್ಲಿ ಉಳಿದಿತ್ತು. ಹದಿನಾಲ್ಕು ಶುರುವಾದಾಗ ನೀಲಿಯಿಂದ ಅಂಬರಿಗೆ ಹೋಗುವ ದಾರಿಯಲ್ಲಿ ನೇರಳೆ ಬಂತು. ಬೆಳಗಿನ ಜಾವಕ್ಕೆ ಬದನೆಕಾಯಿಯ ಬಣ್ಣ! ದೀಪ ಸೊನ್ನೆಯಲ್ಲಿರುವಾಗಲೇ, ಹದಿಮೂರರಲ್ಲೇ, ಕತ್ತಲಲ್ಲಿ ಬಣ್ಣ ಬದಲಿಸಿ ಇಟ್ಟುಕೊಂಡ ಮೇಲೆ ಅದು ಸರಿಯಾಯಿತು.

ಹಳೆಯ ಆರು ಎಲ್‌ಇಡಿಗಳ ಕಥೆ ಬೇರೆಯದೇ. ಅವುಗಳಲ್ಲಿ ಪ್ರಖರತೆಗೆಂದು ಪ್ರತ್ಯೇಕ ಚಾನೆಲ್ಲೇ ಇರಲಿಲ್ಲ. ಫೇಡರ್ ಇಳಿಸಿದಾಗ ಕನ್ಸೋಲ್ ಕೆಂಪು, ಹಸಿರು, ನೀಲಿ ಮೂರನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. ಲಾಟೀನು ಆರುವ ದೃಶ್ಯಕ್ಕೆ ನಾವು ಇಟ್ಟ ಬಣ್ಣ ಕೆಂಪು 255, ಹಸಿರು 120, ನೀಲಿ 20. ಅದು ಶೇಕಡಾ 2ಕ್ಕೆ ಇಳಿದಾಗ 5, 2, 0. ನೀಲಿ ಮಾಯ. ಶೇಕಡಾ 1ರಲ್ಲಿ 3, 1, 0. ಕೊನೆಯ ಕ್ಷಣದಲ್ಲಿ 1, 0, 0: ಲಾಟೀನು ಆರುವ ಮೊದಲು ರಂಗದ ತುಂಬ ಒಂದು ಕೆಂಪು ಮಿಂಚು. ತಾಲೀಮಿನಲ್ಲಿ ಎಲ್ಲರಿಗೂ ಕಂಡಿತು.

ಇದಕ್ಕೆ ಕನ್ಸೋಲಿನಲ್ಲಿ ಮದ್ದಿರಲಿಲ್ಲ, ಜೆಲ್ ಪೆಟ್ಟಿಗೆಯಲ್ಲಿ ಇತ್ತು. ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಬೂದು ಜೆಲ್, ನ್ಯೂಟ್ರಲ್ ಡೆನ್ಸಿಟಿ 0.6, ಇದರ ಮೂಲಕ ಹೊರಬರುವುದು ನಾಲ್ಕನೆಯ ಒಂದು ಭಾಗ. ಆರು ದೀಪಗಳಿಗೂ ಒಂದೊಂದು ತುಂಡು ಕತ್ತರಿಸಿ ಫ್ರೇಮಿಗೆ ಸೇರಿಸಿದೆವು. ಲಾಟೀನಿನ ದೃಶ್ಯಕ್ಕೆ ಮೊದಲು ಶೇಕಡಾ 15 ಸಾಕಾಗಿತ್ತು, ಈಗ ಅಷ್ಟೇ ಬೆಳಕಿಗೆ 60 ಬೇಕು. ಮೊದಲು 2ರಲ್ಲಿ ಸಿಗುತ್ತಿದ್ದ ಬೆಳಕು ಈಗ 8ರಲ್ಲಿ, ಅಲ್ಲಿ ಅಂಕಿಗಳು 20, 10, 2. ಮೂರು ಬಣ್ಣಗಳೂ ಜೊತೆಯಲ್ಲಿವೆ. ಕೆಂಪು ಮಿಂಚು ಪೂರ್ತಿ ಹೋಯಿತೆಂದು ಹೇಳಲಾರೆ. ಹತ್ತಿರದಿಂದ ನೋಡಿದರೆ ಕೊನೆಯ ಗಳಿಗೆಯಲ್ಲಿ ಒಂದು ಕಿಡಿಯಷ್ಟು ಉಳಿದಿತ್ತು, ಅದು ಲಾಟೀನಿನ ಬತ್ತಿಯ ಕಿಡಿಯ ಹಾಗೆಯೇ ಕಂಡದ್ದರಿಂದ ನಿರ್ದೇಶಕರು "ಇರಲಿ ಬಿಡು" ಎಂದರು. ಪ್ರಖರವಾದ ದೀಪವನ್ನು ಕೊಂಡು ಅದಕ್ಕೆ ಬೂದು ಕಾಗದ ಮುಚ್ಚುವುದು ವ್ಯರ್ಥವೆಂದು ಕೆಲವರಿಗೆ ಅನ್ನಿಸಬಹುದು. ಸಣ್ಣ ರಂಗದಲ್ಲಿ ದೊಡ್ಡ ದೀಪದಿಂದ ಮಂದ ಬೆಳಕು ತೆಗೆಯಲು ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ಉಪಾಯ ನಾನು ಕಂಡಿಲ್ಲ.

ಆರೂವರೆ

ಪ್ರದರ್ಶನ ಹತ್ತು ನಿಮಿಷ ತಡವಾಗಿ ಶುರುವಾಯಿತು. ಹದಿಮೂರನೆಯ ಕ್ಯೂ ಮುಗಿದು ರಂಗ ಕಪ್ಪಾದಾಗ ಅದು ನಿಜವಾಗಿಯೂ ಕಪ್ಪಾಗಿತ್ತು. ಹದಿನಾಲ್ಕರ ಗುಂಡಿ ಒತ್ತಿ ಪರದೆಯನ್ನು ಕೈಯಿಂದ ಮುಚ್ಚಿಕೊಂಡೆ. ಮೊರದ ಸದ್ದು ಶುರುವಾಯಿತು. ಮುಂದಿನ ಸಾಲಿನಲ್ಲಿ ಯಾವುದೋ ಮಗು "ಅಮ್ಮಾ, ಮಳೆ" ಎಂದದ್ದು ಕಂಟ್ರೋಲ್ ರೂಮಿನವರೆಗೂ ಕೇಳಿಸಿತು. ಆಮೇಲೆ ಬೆರಳುಗಳು ಕಂಡವು. ಹಾರಿದ ಅಕ್ಕಿಯ ನೆರಳು ಸುಣ್ಣದ ಗೋಡೆಯ ಮೇಲೆ ಏರಿ ಇಳಿಯುವುದು ಕಂಡಿತು. ಅದು ಬೆಂಗಳೂರಿನಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಪಕ್ಕದಿಂದ ಬಿದ್ದ ಎಲ್‌ಇಡಿಯ ಕೊಡುಗೆ ಅದು.

ರಾತ್ರಿ ಹತ್ತೂವರೆಗೆ ಹುಡುಗನೂ ನಾನೂ ಏಣಿ ಹಾಕಿ ನಾಲ್ಕು ದೀಪಗಳ ಅಡ್ರೆಸ್, ಮೋಡ್, ಕರ್ವ್ ಮೂರನ್ನೂ ಮೊದಲಿನ ಹಾಗೆ ಮಾಡಿದೆವು. ಕರ್ವ್ ಮಾತ್ರ ಸ್ಕ್ವೇರ್‌ನಲ್ಲೇ ಇರಲಿ ಎಂದು ನಾನು ಹೇಳಿದೆ. "ನಾಳೆಯ ಭರತನಾಟ್ಯದವರು ಹಳೆಯ ಅಂಕಿಗಳನ್ನೇ ಇಟ್ಟುಕೊಂಡಿದ್ದಾರೆ, ಅಕ್ಕ" ಎಂದ. ಮಾತಾಡದೆ ಲೀನಿಯರಿಗೆ ತಿರುಗಿಸಿದೆ.

ಅಂದಿನಿಂದ ನಮ್ಮ ಕ್ಯೂ ಶೀಟ್ ಬದಲಾಗಿದೆ. ಬೇರೆ ಮಂದಿರಕ್ಕೆ ಹೋದಾಗ ಹೋಲಿಸಿ ನೋಡಲು, ಮುಖ್ಯ ದೃಶ್ಯಗಳ ಫೋಟೊವನ್ನು ಮೊಬೈಲಿನಲ್ಲಿ ಒಂದೇ ಅಳತೆಗೆ ಕಟ್ಟಿಹಾಕಿ ತೆಗೆಯುತ್ತೇವೆ: ಐಎಸ್‌ಒ 400, ಶಟರ್ ಸೆಕೆಂಡಿನ ಐವತ್ತನೆಯ ಒಂದು ಭಾಗ, ವೈಟ್ ಬ್ಯಾಲೆನ್ಸ್ 3200. ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಪ್ರತಿ ಕತ್ತಲನ್ನೂ ಅದು ಬೆಳಗಿಸಿಬಿಡುತ್ತದೆ, ಹೋಲಿಕೆಗೆ ಏನೂ ಉಳಿಯುವುದಿಲ್ಲ. ದೀಪ ಕಟ್ಟಿದ ಕೂಡಲೇ, ಒಂದು ಕ್ಯೂ ಕೂಡ ದಾಖಲಿಸುವ ಮೊದಲು, ಎಲ್ಲ ಸಬ್‌ಮಾಸ್ಟರ್‌ಗಳನ್ನು ಬೆರಳಿನಿಂದ ಒತ್ತಿ ಸೊನ್ನೆ ಮಾಡಿ, ಸಭಾಂಗಣದ ದೀಪ ಆರಿಸಿ, ಒಂದು ನಿಮಿಷ ಕತ್ತಲಲ್ಲಿ ಕುಳಿತುಕೊಳ್ಳುತ್ತೇವೆ. ಶೇಕಡಾ ಅಂಕಿಗಳಿದ್ದ ಕಾಲಂ ಹಾಗೆಯೇ ಇದೆ, ಆದರೆ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಪೆನ್ನಿನಲ್ಲಿ ಬರೆಯುವ ಕಾಲಂ ಬೇರೆ ಇದೆ. ಹದಿನಾಲ್ಕನೆಯ ಕ್ಯೂವಿನ ಎದುರು ಅದರಲ್ಲಿ ಹೀಗಿದೆ:

ಮೊದಲು ಸದ್ದು ಮಾತ್ರ. ಹದಿನೇಳಕ್ಕೆ ಬೆರಳು ಕಾಣಬೇಕು, ಮೊರದ ಅಂಚು ಕಾಣಬಾರದು. ನಲವತ್ತಕ್ಕೆ ಅಂಚು. ತೊಂಬತ್ತಕ್ಕೆ ಗೋಡೆಯ ಮೇಲೆ ಅಕ್ಕಿಯ ನೆರಳು. ಅಜ್ಜಿ ತಲೆಯೆತ್ತುವ ಹೊತ್ತಿಗೆ ಬೆಳಗಾಗಿರಬೇಕು.